ಎರೆ ನೆಲದ ವಾರ್ಷಿಕ ವರದಿ



ಕೃಷಿ ಇಲಾಖೆಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಸಂಶೋಧನಾ ಸಂಸ್ಥೆಯೊಂದರ ವಾರ್ಷಿಕ ವರದಿಯನ್ನು ತಂದುಕೊಟ್ಟು, "ಸಾರ್, ಇದರಲ್ಲಿ ನಿಮ್ಮ ಇತಿಹಾಸ ಎಲ್ಲಿದೆ, ತೋರಿಸಿ" ಎಂದು ನಗೆಯಾಡಿದ. ನಡೆಸಿದ ಪ್ರಯೋಗಗಳು, ಹಂಚಿದ ಬೀಜ, ತರಬೇತಿ ಪಡೆದ ರೈತರ ಸಂಖ್ಯೆ, ಮುಂದಿನ ವರ್ಷದ ಕಾರ್ಯತಂತ್ರ ಎಲ್ಲವೂ ಕೋಷ್ಟಕಗಳಲ್ಲಿ ಅಚ್ಚುಕಟ್ಟಾಗಿದ್ದವು. ಆದರೆ ನಮ್ಮ ಬಳ್ಳಾರಿ ಸೀಮೆಯ ಸಂಶೋಧನಾ ಕೇಂದ್ರಗಳ ಕಥೆಯನ್ನು ನೋಡಿದರೆ, ಅತ್ಯಂತ ಬೆಲೆಯುಳ್ಳ ಉತ್ತರಗಳು ಒಂದು ವರ್ಷದ ಕೋಷ್ಟಕದಲ್ಲಿ ಹಿಡಿಸುವಂಥವಲ್ಲ. ಅವುಗಳಲ್ಲಿ ಮುಖ್ಯವಾದ ಎರಡಂತೂ "ಹೀಗೆ ಮಾಡಬೇಡಿ" ಎಂಬ ಉತ್ತರಗಳು.

ಮೊದಲು ಹಗರಿ. 1876-78ರ ಘೋರ ಕ್ಷಾಮವನ್ನು ತರಗತಿಯಲ್ಲಿ ಪಾಠ ಮಾಡುವಾಗಲೆಲ್ಲ ನಾನು ಒಂದು ಲೆಕ್ಕವನ್ನು ಹಲಗೆಯ ಮೇಲೆ ಬರೆಯುತ್ತಿದ್ದೆ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. 1871 ಮತ್ತು 1881ರ ಜನಗಣತಿಗಳ ನಡುವೆ ಅಂದಿನ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೇ ಒಂದು ಭಾಗದಷ್ಟು ಕುಸಿಯಿತು. ಅಂಥ ನೆಲದಲ್ಲಿ 1906ರಲ್ಲಿ ಮದರಾಸು ಸರಕಾರ ವೇದಾವತಿಯ, ಅಂದರೆ ನಮ್ಮ ಹಗರಿ ಹೊಳೆಯ ದಂಡೆಯಲ್ಲಿ ಕೃಷಿ ಕ್ಷೇತ್ರವನ್ನು ತೆರೆಯಿತು. ಜೋಳ ಮತ್ತು ಹತ್ತಿ ಅದರ ಮುಖ್ಯ ಕಾಳಜಿ. 1930ರ ದಶಕದಲ್ಲಿ ಒಣಬೇಸಾಯದ ಸಂಶೋಧನೆಗೆ ಸೊಲ್ಲಾಪುರ, ಬಿಜಾಪುರ, ರಾಯಚೂರು, ರೋಹತಕ್‌ಗಳೊಂದಿಗೆ ಹಗರಿಯನ್ನೂ ಆರಿಸಿಕೊಳ್ಳಲಾಯಿತು. ಇಂದು ಕೃಷಿ ವಿಜ್ಞಾನ ಕೇಂದ್ರವೂ ಅಲ್ಲಿಯೇ ಇದೆ.

ಎರಡನೆಯದು ಬಳ್ಳಾರಿ ನಗರದ ಮಣ್ಣು ಸಂರಕ್ಷಣಾ ಕೇಂದ್ರ. ಇದು ಆರಂಭವಾದದ್ದು 1954ರಲ್ಲಿ. 1967ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿಗೆ ಸೇರಿತು. ಈಗ ಡೆಹರಾಡೂನಿನ ಭಾರತೀಯ ಮಣ್ಣು ಮತ್ತು ಜಲ ಸಂರಕ್ಷಣಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ. ಆ ಕಾಲದಲ್ಲಿ ಮಣ್ಣಿನ ಸವಕಳಿಗೆ ಮದ್ದೆಂದರೆ ಸಮಪಾತಳಿ ಬದು. ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ ಬದು ಹಾಕಿದರೆ ನೀರು ನಿಂತು ಇಂಗುತ್ತದೆ ಎಂಬುದು ಎಲ್ಲರ ನಂಬಿಕೆ. ಮಸಾರಿ ಭೂಮಿಯಲ್ಲಿ ಅದು ನಿಜವೂ ಹೌದು. ಆದರೆ ಆಳವಾದ ಎರೆ ಭೂಮಿಯ ಸ್ವಭಾವವೇ ಬೇರೆ. ನೆನೆದರೆ ಉಬ್ಬುತ್ತದೆ, ನೀರನ್ನು ಬೇಗ ಒಳಗೆ ಬಿಡುವುದಿಲ್ಲ. ಒಣಗಿದರೆ ಕೈ ಹಿಡಿಸುವಷ್ಟು ಬಿರುಕು ಬಿಡುತ್ತದೆ. ಹೀಗಾಗಿ ಬದುವಿನ ಹಿಂದೆ ನೀರು ದಿನಗಟ್ಟಲೆ ನಿಂತು ಪೈರು ಕೊಳೆಯಿತು. ಬೇಸಗೆಯಲ್ಲಿ ಸೀಳಿದ ಬದುವಿನೊಳಗೆ ಮುಂದಿನ ಮಳೆಯ ನೀರು ನುಗ್ಗಿ ಬದುವೇ ಒಡೆಯಿತು. ಒಡೆದ ಬದುವಿನಿಂದಾಗುವ ಕೊರಕಲು, ಬದುವಿಲ್ಲದ ಹೊಲದ ಸವಕಳಿಗಿಂತ ಕೆಟ್ಟದ್ದು. ಎರೆ ಭೂಮಿಗೆ ಸಮಪಾತಳಿ ಬದು ಬೇಡ, ಹೆಚ್ಚಿನ ನೀರು ಮೆಲ್ಲಗೆ ಹರಿದುಹೋಗುವಂತೆ ಅಲ್ಪ ವಾಟ ಕೊಟ್ಟ ಬದು ಬೇಕು, ಆ ನೀರು ಹುಲ್ಲು ಬೆಳೆಸಿದ ಹಾದಿಯಲ್ಲಿ ಸಾಗಿ ಕೃಷಿ ಹೊಂಡ ಸೇರಬೇಕು ಎಂಬುದನ್ನು ಈ ಕೇಂದ್ರ ಕಂಡುಕೊಂಡಿತು. ನಮ್ಮಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 500 ಮಿ.ಮೀ. ಆಸುಪಾಸು, ಅದೂ ಒಂದು ವರ್ಷ ಸುರಿದು ಮೂರು ವರ್ಷ ಕೈಕೊಡುವಂಥದ್ದು. ಒಂದು ಬದುವಿನ ಗುಣದೋಷ ತಿಳಿಯಲು ಎಷ್ಟು ಮಳೆಗಾಲ ಕಾಯಬೇಕು, ನೀವೇ ಯೋಚಿಸಿ. 1980ರ ದಶಕದಲ್ಲಿ ಇದೇ ಕೇಂದ್ರ ಬಳ್ಳಾರಿ ಸಮೀಪದ ಜೋಳದರಾಶಿಯಲ್ಲಿ, ರೈತರ ಹೊಲಗಳಲ್ಲಿಯೇ, ಮಾದರಿ ಜಲಾನಯನವನ್ನು ರೂಪಿಸಿತು. (ರಂಗಭೂಮಿಯ ಜೋಳದರಾಶಿ ದೊಡ್ಡನಗೌಡರ ಊರು ಅದೇ. ಅವರ ಬಗೆಗೆ ಬೇರೆಯಾಗಿಯೇ ಬರೆಯಬೇಕು.)

ನನ್ನ ಮನಸ್ಸನ್ನು ಹೆಚ್ಚು ಕಾಡುವುದು ಮೂರನೆಯದಾದ ಸಿರುಗುಪ್ಪ ಕೇಂದ್ರದ ಕಥೆ. ಅದು ಹುಟ್ಟಿದ್ದು 1937ರಲ್ಲಿ. ಆಗ ತುಂಗಭದ್ರಾ ಅಣೆಕಟ್ಟು ಇನ್ನೂ ಕಾಗದದ ಮೇಲಿತ್ತು. ಶಂಕುಸ್ಥಾಪನೆಯಾದದ್ದು 1945ರಲ್ಲಿ, ಕಾಲುವೆಗೆ ನೀರು ಬಂದದ್ದು 1953ರಲ್ಲಿ. ನೀರು ಬರುವುದಕ್ಕೆ 16 ವರ್ಷ ಮೊದಲೇ, ಈ ಎರೆ ನೆಲಕ್ಕೆ ನೀರು ಕಟ್ಟಬಹುದೇ, ಎಷ್ಟು ಕಟ್ಟಬೇಕು, ಯಾವ ಬೆಳೆಗೆ ಎಂದು ಕೇಳಲು ಒಂದು ಕ್ಷೇತ್ರವನ್ನು ತೆರೆದರಲ್ಲ, ಆ ಮುಂದಾಲೋಚನೆಯನ್ನು ನಾನು ಇಂದಿಗೂ ಮೆಚ್ಚುತ್ತೇನೆ. ಅಂದಿನ ಯೋಜನೆಯ ಆಶಯ ಸ್ಪಷ್ಟವಾಗಿತ್ತು: ನೀರನ್ನು ತೆಳುವಾಗಿ, ವಿಶಾಲ ಪ್ರದೇಶಕ್ಕೆ ಹರಡಬೇಕು, ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆಗಳಿಗೆ ಹೆಚ್ಚಿನ ಪಾಲು, ಭತ್ತಕ್ಕೆ ಅಲ್ಪ ಪಾಲು. ಎರೆ ನೆಲದಲ್ಲಿ ನೀರು ಬಸಿಯುವುದು ಕಷ್ಟ. ಸದಾ ನಿಂತರೆ ಕೆಳಗಿನ ಉಪ್ಪು ಮೇಲೇರಿ ಭೂಮಿ ಸವಳಾಗುತ್ತದೆ.

ಮುಂದೆ ನಡೆದದ್ದು ನಿಮಗೆ ಗೊತ್ತು. ನೀರು ಬಂತು, ಕರಾವಳಿ ಆಂಧ್ರದಿಂದ ಭತ್ತದ ಬೇಸಾಯ ಬಲ್ಲವರು ಬಂದರು, ಕ್ಯಾಂಪುಗಳೆದ್ದವು, ರೈಸ್ ಮಿಲ್ಲುಗಳು ಬಂದವು. ಭತ್ತ ಅಲ್ಪ ಪಾಲಿನಲ್ಲಿ ನಿಲ್ಲಲಿಲ್ಲ. ಕಾಲುವೆಯ ತಲೆಭಾಗದವರಿಗೆ ಕೆಸರುಗದ್ದೆ, ಕೊನೆಭಾಗದವರಿಗೆ ಒಣ ಕಾಲುವೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಹತ್ತಾರು ಸಾವಿರ ಹೆಕ್ಟೇರ್ ಸವಳು-ಜವಳಿಗೆ ತುತ್ತಾಯಿತು. ಪಾಳುಬಿದ್ದ ಅಂಥ ಹೊಲಗಳಲ್ಲಿ ನಮ್ಮ ಊರಿನ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿ ಬೆಳೆದು ನಿಂತಿದೆ. ಕುರುಗೋಡಿನ ಗುಡ್ಡವನ್ನೇರಿ ನೋಡಿದವರಿಗೆ ಹಸಿರು ಎಲ್ಲಿಯವರೆಗೆ, ಕಪ್ಪು ಎಲ್ಲಿಂದ ಎಂಬುದನ್ನು ಯಾರೂ ವಿವರಿಸಬೇಕಿಲ್ಲ.

ಇದಕ್ಕೆ ರೈತರನ್ನು ದೂರುವುದು ಸುಲಭ. ನಾನು ದೂರಲಾರೆ. ನಮ್ಮ ಬಂಧುಗಳಲ್ಲಿಯೇ ಎಷ್ಟೋ ಮಂದಿ ಭತ್ತದ ದುಡ್ಡಿನಿಂದ ಮಕ್ಕಳನ್ನು ಓದಿಸಿದರು, ಹೆಣ್ಣುಮಕ್ಕಳ ಮದುವೆ ಮಾಡಿದರು. ಭತ್ತಕ್ಕೆ ಮಿಲ್ಲಿತ್ತು, ಬೆಲೆಯಿತ್ತು, ಜೋಳಕ್ಕೆ ಕೊಳ್ಳುವವರಿರಲಿಲ್ಲ. ಬೆಳೆಯನ್ನು ಪ್ರಯೋಗಕ್ಷೇತ್ರ ಸೂಚಿಸಬಹುದು, ಅದನ್ನು ತೀರ್ಮಾನಿಸುವುದು ಮಾರುಕಟ್ಟೆ. ಕೇಂದ್ರದ ಸಲಹೆಗೆ ಸರಕಾರ ಬೆಲೆಯ ಬೆಂಬಲವನ್ನೂ ಕೊಟ್ಟಿದ್ದರೆ ಕಥೆ ಬೇರೆಯಾಗುತ್ತಿತ್ತೆಂಬುದು ನನ್ನ ಅಭಿಪ್ರಾಯ. ಅದರ ಬದಲು ಕೇಂದ್ರದ ಯಜಮಾನಿಕೆಯಷ್ಟೇ ಬದಲಾಗುತ್ತ ಹೋಯಿತು: ಮದರಾಸಿನಿಂದ 1953ರಲ್ಲಿ ಮೈಸೂರು ರಾಜ್ಯಕ್ಕೆ, ಬಳಿಕ ಬೆಂಗಳೂರು, ಧಾರವಾಡ, ಕೊನೆಗೆ ರಾಯಚೂರಿನ ಕೃಷಿ ವಿಶ್ವವಿದ್ಯಾಲಯಗಳಿಗೆ. ನೆಲ ಅದೇ, ಕಾಗದದ ಶಿರೋನಾಮೆ ಮಾತ್ರ ಬೇರೆ.

ಮಣ್ಣಿನ ಕೇಂದ್ರಕ್ಕೂ ನೀರಿನ ಕೇಂದ್ರಕ್ಕೂ ಸಂಬಂಧವಿಲ್ಲವೆಂದು ತಿಳಿಯಬೇಡಿ. ಆರಂಭದಲ್ಲಿ 133 ಟಿ.ಎಂ.ಸಿ. ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ, 2016ರ ಸಮೀಕ್ಷೆಯ ಪ್ರಕಾರ 106 ಟಿ.ಎಂ.ಸಿ.ಗೆ ಇಳಿದಿತ್ತು. ಉಳಿದ ಜಾಗವನ್ನು ತುಂಬಿರುವುದು ಮೇಲಿನ ಪ್ರದೇಶದಿಂದ ಕೊಚ್ಚಿಬಂದ ಮಣ್ಣು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕಿತ್ತುಹೋದಾಗ ಸಿರುಗುಪ್ಪದ ರೈತರ ಎದೆ ಒಡೆದದ್ದೇಕೆಂದು ಹೇಳಬೇಕಾಗಿಲ್ಲ. ಒಂದೇ ವಾರದಲ್ಲಿ ತಾತ್ಕಾಲಿಕ ಗೇಟು ಕೂರಿಸಿದ್ದರಿಂದ ಆ ಸಲ ಉಸಿರಾಡಿದೆವು.

ಈ ಕೇಂದ್ರಗಳಲ್ಲಿ ದುಡಿದವರ ಮಕ್ಕಳು, ಮೊಮ್ಮಕ್ಕಳು ನಿಮ್ಮಲ್ಲಿ ಕೆಲವರಿದ್ದೀರಿ. ನಿಮ್ಮ ಮನೆಯ ಅಟ್ಟದಲ್ಲಿ ಸಿರುಗುಪ್ಪ ಅಥವಾ ಹಗರಿಯ ಹಳೆಯ ವರದಿಗಳು, ಕ್ಷೇತ್ರೋತ್ಸವದ ಕರಪತ್ರಗಳು ಉಳಿದಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ನನಗೆ ತಿಳಿಸಿ, ನಾನೇ ಬಂದು ನೋಡುತ್ತೇನೆ.