ಸೊಲ್ಲಾಪುರದ ಶೇಠರು, ಪದ್ಮಿನಿ ಕಾರು ಮತ್ತು ಅರ್ಧ ಡಿಗ್ರಿಯ ಲೆಕ್ಕ



ಸೊಲ್ಲಾಪುರ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಚಾದರ, ಶೇಂಗಾ ಹಿಂಡಿ, ಸಂಕ್ರಾಂತಿಯ ಸಿದ್ಧರಾಮೇಶ್ವರ ಜಾತ್ರೆ. ಅಕ್ಕಲಕೋಟೆ ಎಂದರೆ ಸ್ವಾಮಿ ಸಮರ್ಥರು. ಆದರೆ ನಮ್ಮ ದೇಶದ ಮೊದಲ ಕಾರು ಕಾರ್ಖಾನೆಗಳಲ್ಲಿ ಒಂದನ್ನು ಕಟ್ಟಿದವರು ಇದೇ ಸೊಲ್ಲಾಪುರದಲ್ಲಿ ಹುಟ್ಟಿದವರು ಎಂಬುದು ನಮ್ಮ ಎಷ್ಟು ಮಕ್ಕಳಿಗೆ ಗೊತ್ತು? ನಿಜ ಹೇಳಬೇಕೆಂದರೆ ನಮಗೂ ತಡವಾಗಿಯೇ ಗೊತ್ತಾಯಿತು. ತಿಳಿಯುವಂತೆ ಮಾಡಿದವನು ನಮ್ಮದೇ ಶಾಲೆಯ ಒಬ್ಬ ಹಳೆಯ ವಿದ್ಯಾರ್ಥಿ. ಅವನ ಮಾತು ಆಮೇಲೆ ಹೇಳುತ್ತೇವೆ.

ವಾಲಚಂದ ಹಿರಾಚಂದರು 1882ರ ನವೆಂಬರ್ 23ರಂದು ಸೊಲ್ಲಾಪುರದ ಜೈನ ವ್ಯಾಪಾರಿ ಮನೆತನದಲ್ಲಿ ಜನಿಸಿದರು. ರೈಲ್ವೆ ಗುತ್ತಿಗೆಯಿಂದ ಶುರುವಾದ ಅವರ ಉದ್ಯೋಗ 1919ರಲ್ಲಿ ಸಿಂಧಿಯಾ ಹಡಗು ಕಂಪನಿಗೆ, 1940ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಗೆ ಬೆಳೆಯಿತು. ಇಂದಿನ ಎಚ್.ಎ.ಎಲ್.ಗೆ ಬೀಜ ಹಾಕಿದವರು ಸೊಲ್ಲಾಪುರದವರು. ಅವರ ಜೊತೆ ಬಂಡವಾಳ ಹಾಕಿದ್ದು ಮೈಸೂರು ಸಂಸ್ಥಾನ. ಗಡಿ ಎಂಬುದು ನಕ್ಷೆಯಲ್ಲಿದೆ, ಕೆಲಸದಲ್ಲಿಲ್ಲ, ಅಲ್ಲವೇ?

ಸರ್ ಎಂ. ವಿಶ್ವೇಶ್ವರಯ್ಯನವರೂ ಮೋಟಾರು ಕಾರು ದೇಶದಲ್ಲೇ ತಯಾರಾಗಬೇಕೆಂದು 1930ರ ದಶಕದಲ್ಲಿ ಯೋಜನೆ ಸಿದ್ಧಪಡಿಸಿದ್ದರು. ಬ್ರಿಟಿಷ್ ಸರಕಾರ ಉತ್ಸಾಹ ತೋರಲಿಲ್ಲ. ವಾಲಚಂದರು ಬಿಡಲಿಲ್ಲ. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪನೆಯಾಯಿತು. ಮುಂಬಯಿಯ ಕುರ್ಲಾದ ಕಾರ್ಖಾನೆಯಿಂದ 1947ರಲ್ಲಿ ವಾಹನಗಳು ಹೊರಬಂದವು. ಆಮೇಲೆ ಇಟಲಿಯ ಫಿಯೆಟ್ ಜೊತೆ ಒಪ್ಪಂದವಾಯಿತು. 1953ರಲ್ಲಿ ಶೇಠರು ತೀರಿಕೊಂಡರು. ಮುಂದೆ ಬಂದ ಫಿಯೆಟ್ 1100 ಕಾರೇ 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆಯಿತು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿ ಎಂದರೆ ಅದೇ! 2023ರ ಅಕ್ಟೋಬರ್ ಕೊನೆಗೆ ಪದ್ಮಿನಿ ಟ್ಯಾಕ್ಸಿಗಳು ಮುಂಬಯಿಯ ರಸ್ತೆಯಿಂದ ಮರೆಯಾದವು.

ಆಗ ಹೊರದೇಶದ ಸ್ಪೋರ್ಟ್ಸ್ ಕಾರು ತರಿಸುವುದು ಕನಸಿನ ಮಾತು. ಹಾಗಾಗಿ ವೇಗದ ಹುಚ್ಚಿನವರು ಇದೇ ಮನೆಮಂದಿಯ ಕಾರನ್ನು ಸ್ಪೋರ್ಟ್ಸ್ ಕಾರು ಮಾಡಿದರು. ಎಂಜಿನ್ 1089 ಸಿ.ಸಿ., ಶಕ್ತಿ ಸುಮಾರು 40 ಅಶ್ವಬಲ ಅಷ್ಟೇ. ಕಾರ್ಬ್ಯುರೇಟರ್ ಬದಲಿಸುವುದು, ಸ್ಪ್ರಿಂಗ್ ಗಿಡ್ಡ ಮಾಡಿ ಕಾರನ್ನು ನೆಲಕ್ಕೆ ಇಳಿಸುವುದು, ಅಗಲ ಗಾಲಿ ಹಾಕುವುದು, ಇವೇ ಉಪಾಯಗಳು. ಚೆನ್ನೈ ಹತ್ತಿರದ ಶೋಲಾವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ಹಳೇ ವಿಮಾನ ಪಟ್ಟಿಯ ಮೇಲೆ, ಇಂಥ ಫಿಯೆಟ್‌ಗಳು ಓಡುತ್ತಿದ್ದವು.

ಈಗ ನಮ್ಮ ಹುಡುಗನ ಮಾತಿಗೆ ಬರೋಣ. ಏಳನೆಯ ತರಗತಿಯಲ್ಲಿ ಅವನಿಗೆ ಕೋನಮಾಪಕ ಹಿಡಿಯಲು ಬರುತ್ತಿರಲಿಲ್ಲ. "ನಿನಗೆ ಕೋನ ಈ ಜನ್ಮದಲ್ಲಿ ಬರೋದಿಲ್ಲ" ಎಂದು ಇಡೀ ವರ್ಗದ ಎದುರು ಅಂದಿದ್ದೆವು. ಹತ್ತನೆಯ ತರಗತಿಯ ನಂತರ ಓದು ಬಿಟ್ಟ. ಕಳೆದ ವರ್ಷ ಸೊಲ್ಲಾಪುರದ ಒಂದು ಗ್ಯಾರೇಜಿನಲ್ಲಿ ಸಿಕ್ಕ. ಗಾಲಿಗಳ ಅಲೈನ್‌ಮೆಂಟ್ ಮಾಡುವುದೇ ಅವನ ಕೆಲಸ! ಯಾರೋ ಯುವಕನ ಕಾರು ನಿಂತಿತ್ತು. ಸ್ಪ್ರಿಂಗ್ ಕತ್ತರಿಸಿ ಇಳಿಸಿದ್ದರು. ಹೊರಗಿನಿಂದ ಟಾಯರ್ ಹೊಸದರಂತಿತ್ತು. ಹುಡುಗ ನಮ್ಮ ಕೈ ಹಿಡಿದು ಒಳಅಂಚಿಗೆ ಮುಟ್ಟಿಸಿದ. ರಬ್ಬರ್ ಸವೆದು ತಂತಿ ಕೈಗೆ ಚುಚ್ಚಿತು.

"ಸರ್, ಗಾಲಿಯ ಮೂಗು ಹೊರಗ ತಿರುಗೇದ, ತಲಿ ಒಳಗ ವಾಲೇದ" ಎಂದ. ಆ ಒಂದು ಮಾತಿನಲ್ಲಿ ಎರಡು ಪಾಠ ಇದ್ದವು.

ಮೇಲಿನಿಂದ ನೋಡಿದಾಗ ಎರಡು ಮುಂಗಾಲಿಗಳ ಮೂಗು ಒಳಗೋ ಹೊರಗೋ ತಿರುಗಿರುವುದಕ್ಕೆ 'ಟೋ' ಎನ್ನುತ್ತಾರೆ. ಮುಂದಿನಿಂದ ನೋಡಿದಾಗ ಗಾಲಿಯ ತಲೆ ವಾಲಿರುವುದಕ್ಕೆ 'ಕ್ಯಾಂಬರ್' ಎನ್ನುತ್ತಾರೆ. ಕಾರನ್ನು ಇಳಿಸಿದಾಗ ಗಾಲಿ ಹಿಡಿದ ತೋಳುಗಳ ಮತ್ತು ಸ್ಟೇರಿಂಗ್ ಸರಳುಗಳ ಕೋನ ಬದಲಾಗಿ ಇವೆರಡೂ ಕೆಡುತ್ತವೆ. ಪಂದ್ಯದವರು ಬೇಕೆಂತಲೇ ಗಾಲಿಯ ತಲೆ ಒಳಗೆ ವಾಲಿಸುತ್ತಾರೆ. ತಿರುವಿನಲ್ಲಿ ಕಾರು ಹೊರಕ್ಕೆ ಬಾಗಿದಾಗ ಹೊರಗಾಲಿ ನೆಲಕ್ಕೆ ಸರಿಯಾಗಿ ಕೂರುತ್ತದೆ. ಅವರು ಟಾಯರನ್ನು ಬೇಗ ಬದಲಿಸಲು ಸಿದ್ಧರಿರುತ್ತಾರೆ. ಆದರೆ ನೇರ ರಸ್ತೆಯ ಮೇಲೆ ದಿನಾಲೂ ಓಡುವ ಕಾರಿಗೆ ಅದೇ ಕೋನ ಒಳಅಂಚನ್ನು ತಿಂದುಹಾಕುತ್ತದೆ.

ಮನೆಗೆ ಬಂದು ಲೆಕ್ಕ ಮಾಡಿದೆವು. ಗಾಲಿ ಸಾಗಬೇಕಾದ ದಿಕ್ಕಿಗಿಂತ ಬರೀ ಅರ್ಧ ಡಿಗ್ರಿ ಓರೆಯಾಗಿದ್ದರೆ, ಪ್ರತಿ ಕಿಲೋಮೀಟರಿಗೆ ಸುಮಾರು 9 ಮೀಟರ್ ಅಡ್ಡಕ್ಕೆ ಉಜ್ಜಿದಂತಾಗುತ್ತದೆ. ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಸುಮಾರು 40 ಕಿ.ಮೀ. ಒಮ್ಮೆ ಹೋದರೆ 350 ಮೀಟರ್! ಟಾಯರ್ ಗರಗಸದ ಹಲ್ಲಿನಂತೆ ಸವೆಯದೆ ಇನ್ನೇನಾದೀತು?

ನಮ್ಮ ಹಿರಿಯರ ಚಕ್ಕಡಿಗೆ ಎರಡೇ ಗಾಲಿ, ಕಾದ ಕಬ್ಬಿಣದ ಹಳಿ. ಅಲ್ಲಿ ಎತ್ತುಗಳೇ ದಿಕ್ಕು ತಿರುಗಿಸುತ್ತಿದ್ದವು. ನಾಲ್ಕು ಗಾಲಿಯ ಬಂಡಿಗೆ ಬಂದಾಗ ತೊಡಕಾಯಿತು: ತಿರುವಿನಲ್ಲಿ ಒಳಗಾಲಿ ಚಿಕ್ಕ ವೃತ್ತ, ಹೊರಗಾಲಿ ದೊಡ್ಡ ವೃತ್ತ ಎಳೆಯುತ್ತದೆ. ಎರಡೂ ಒಂದೇ ಕೋನದಲ್ಲಿ ತಿರುಗಿದರೆ ಒಂದು ಉಜ್ಜಲೇಬೇಕು. ಮ್ಯೂನಿಕ್‌ನ ಬಂಡಿ ತಯಾರಕ ಲಾಂಕೆನ್‌ಸ್ಪೆರ್ಗರ್ ಇದಕ್ಕೆ ಉಪಾಯ ಕಂಡುಹಿಡಿದ. 1818ರಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ಪಡೆದವನು ಆಕರ್‌ಮನ್. ಇಂದಿಗೂ ಹೆಸರು ಆಕರ್‌ಮನ್‌ನದೇ! ಕೆಲಸ ಮಾಡಿದವನ ಹೆಸರು ಹಿಂದೆ ಉಳಿಯುವುದು ಹೊಸದಲ್ಲ.

ಹೊರಡುವಾಗ ಹುಡುಗ ಕೇಳಿದ: "ಸರ್, ಟೋಕ್ಕ, ಕ್ಯಾಂಬರಕ್ಕ ಕನ್ನಡದಾಗ ಏನಂತಾರ?" ನಮ್ಮಲ್ಲಿ ಉತ್ತರ ಇರಲಿಲ್ಲ. ಆದರೆ ಅವನು ಆಗಲೇ ಹೇಳಿಬಿಟ್ಟಿದ್ದ, ಗಾಲಿಯ ಮೂಗು, ಗಾಲಿಯ ತಲೆ ಎಂದು. "ನಿನಗೆ ಕೋನ ಬರೋದಿಲ್ಲ ಅಂದಿದ್ದು ನಮ್ಮ ತಪ್ಪು" ಎಂದೆವು. ಅವನು ನಕ್ಕು, "ನೆನಪದ ಸರ್" ಎಂದ. ನೆನಪಿದೆ ಎಂದದ್ದೇ ನಮಗೆ ಹೆಚ್ಚು ಚುಚ್ಚಿತು.

ಅವನು ಕೊಟ್ಟ ಸವೆದ ಟಾಯರ್ ಈಗ ನಮ್ಮ ವರ್ಗದಲ್ಲಿದೆ. ಕೋನದ ಪಾಠ ಅದರಿಂದಲೇ ಆರಂಭವಾಗುತ್ತದೆ. ಮಕ್ಕಳು ಮುಟ್ಟಿ ನೋಡುತ್ತಾರೆ: ನಡುವೆ ಸವೆದರೆ ಗಾಳಿ ಹೆಚ್ಚು, ಎರಡೂ ಅಂಚು ಸವೆದರೆ ಗಾಳಿ ಕಡಿಮೆ, ಒಂದೇ ಅಂಚು ಸವೆದರೆ ಗಾಲಿ ಓರೆ. ಜೊತೆಗೆ ವಾಲಚಂದರ ಕತೆಯನ್ನೂ ಹೇಳುತ್ತೇವೆ.

ಶಿಕ್ಷಕ ಬಂಧುಗಳಲ್ಲಿ, ಪಾಲಕರಲ್ಲಿ ಒಂದು ವಿನಂತಿ. ನಮ್ಮ ಮಕ್ಕಳು ಜೀಪು, ವ್ಯಾನುಗಳಲ್ಲಿ ಶಾಲೆಗೆ ಬರುತ್ತಾರೆ. ಕಾಯಿದೆಯ ಪ್ರಕಾರ ಇಂಥ ವಾಹನಗಳ ಟಾಯರಿನ ಗೆರೆಯ ಆಳ ಕನಿಷ್ಠ 1.6 ಮಿ.ಮೀ. ಇರಬೇಕು. ಹೊರಗಿನಿಂದ ನೋಡಿ ಸುಮ್ಮನಾಗಬೇಡಿ. ಸ್ಟೇರಿಂಗ್ ಪೂರ್ತಿ ತಿರುಗಿಸಲು ಹೇಳಿ, ಒಳಅಂಚನ್ನೂ ನೋಡಿರಿ.