ಗುರುಮಠಕಲ್ಲಿನ ಎಮ್ಮೆಲ್ಲೆ, ನಾರಾಯಣಪೇಟೆಯ ಅರ್ಜಿ

ನಮ್ಮ ಕನ್ನಡ ಸಂಘದ ಸಂಚಿಕೆ ಸಮಿತಿಯ ಕಾರ್ಯದರ್ಶಿ ಫೋನ್ ಮಾಡಿ, "ಸರ, ನಾಕು ಪುಟ ಬರದು ಕೊಡ್ರಿ, ನಮ್ಮ ಭಾಗದಿಂದ ವಿಧಾನಸಭೆಗೆ ಹೋದವರ ಮ್ಯಾಲ" ಅಂದರು. "ನಮ್ಮ ಭಾಗ ಅಂದ್ರ ಯಾವುದಪಾ?" ಎಂದು ಕೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ನಕ್ಕು, "ಅದನ್ನೂ ನೀವೇ ಬರೀರಿ" ಎಂದು ಫೋನ್ ಇಟ್ಟರು.

ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ. ಹೈದರಾಬಾದ್ ಸಂಸ್ಥಾನದಲ್ಲಿ ಗದ್ವಾಲ್, ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಗೆ ಸೇರಿದ್ದವು. ಕೊಡಂಗಲ್, ತಾಂಡೂರು ಗುಲ್ಬರ್ಗಕ್ಕೆ. ನಾರಾಯಣಪೇಟೆ ಮತ್ತು ಮಕ್ತಲ್ ಮೊದಲಿನಿಂದಲೂ ಮಹಬೂಬ್‌ನಗರದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಇವೆಲ್ಲವೂ ಆಂಧ್ರಪ್ರದೇಶದ ಪಾಲಾದವು. ಇಡೀ ಕರ್ನಾಟಕ ಹಬ್ಬ ಮಾಡುವ ದಿನವೇ ನಮ್ಮ ಹಿರಿಯರು ಎದ್ದ ಜಾಗದಲ್ಲೇ ಹೊರನಾಡಿಗರಾದರು. ಪಾಲಮೂರಿನ, ಅಂದರೆ ಮಹಬೂಬ್‌ನಗರದ, ಕೂಲಿಯವರು ಮುಂಬೈ, ಪುಣೆಗೆ ಗುಳೆ ಹೋಗುವುದನ್ನು ನಾವು ಹುಟ್ಟಿದಾಗಿನಿಂದ ನೋಡಿದ್ದೇವೆ. ಆದರೆ ಮನೆ ಬಿಡದೆಯೇ ವಲಸಿಗರಾದವರು ನಾವು.

ನಮ್ಮ ಸಂಘ ಹುಟ್ಟಿದ್ದು ಆ ಉರಿಯಲ್ಲಿ. ಹುಟ್ಟಿಸಿದವರನ್ನು ಎಲ್ಲರೂ ದೊಡ್ಡ ಮಾಸ್ತರು ಎನ್ನುತ್ತಿದ್ದರು. ತಮ್ಮ ಹೆಸರು ಯಾವ ಕಲ್ಲಿನ ಮೇಲೂ, ಕಾಗದದ ಮೇಲೂ ಬರಬಾರದೆಂದು ಹೇಳಿಯೇ ಹೋದವರು. ಆ ಮಾತನ್ನು ಈ ಸಂಚಿಕೆಯಲ್ಲಿ ನಾನು ಮುರಿಯಲಾರೆ. ಓದುವವರಲ್ಲಿ ಅರ್ಧ ಜನಕ್ಕೆ ಅವರು ಯಾರೆಂದು ಗೊತ್ತೇ ಇದೆ. ಸಂಘದ ಮೊದಲ ಕಚೇರಿ ಎಂದರೆ ನಾರಾಯಣಪೇಟೆಯ ಒಂದು ಸೀರೆ ಅಂಗಡಿಯ ಮುಂದಿನ ಹಲಗೆ. ಒಳಗೆ ಚೌಕಳಿ ಸೀರೆಗಳ ವ್ಯಾಪಾರ, ಹೊರಗೆ ಮಾಸ್ತರ ಅರ್ಜಿಗಳ ವ್ಯಾಪಾರ. ನಮ್ಮೂರ ಮಗ್ಗದಲ್ಲಿ ಒಮ್ಮೆ ಹಾಸು ಹೂಡಿದರೆ ಎಂಟು ಸೀರೆ ಇಳಿಯುತ್ತವೆ. ಮಾಸ್ತರೂ ಹಾಗೆಯೇ, ಒಮ್ಮೆ ಕುಳಿತರೆ ಎಂಟು ಅರ್ಜಿ ಇಳಿಸುತ್ತಿದ್ದರು, ಕನ್ನಡದಲ್ಲಿ ಒಂದು, ತೆಲುಗಿನಲ್ಲಿ ಒಂದು, ಹಳೆಯ ಗುಮಾಸ್ತರಿಗಾಗಿ ಉರ್ದುವಿನಲ್ಲಿ ಒಂದು. ಕನ್ನಡ ಶಾಲೆಗೆ ಮಾಸ್ತರು ಬೇಕು, ರೇಷನ್ ಕಾರ್ಡಿನಲ್ಲಿ ಹೆಸರು ತಪ್ಪಾಗಿದೆ, ಬಾವಿ ಬತ್ತಿದೆ: ಯಾರ ದುಃಖವನ್ನೂ ಅವರು ವಾಪಸ್ ಕಳಿಸಿದ್ದಿಲ್ಲ.

ರಾಯಚೂರಿನಲ್ಲಿ ಹಳೆಯದೊಂದು ಕನ್ನಡ ಟೈಪ್‌ರೈಟರ್ ಸಿಕ್ಕಿತು. ಮಾಸ್ತರು ಅದನ್ನು ಕಂಬಳಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ಅದರ 'ಳ' ಅಕ್ಷರದ ಕೀಲಿ ಏಳುತ್ತಿರಲಿಲ್ಲ. 'ಶಾಲೆಗಳಿಗೆ' ಎಂದು ಹೊಡೆಯಬೇಕಾದಲ್ಲಿ ಜಾಗ ಬಿಟ್ಟು, ಆಮೇಲೆ ಶಾಯಿಪೆನ್ನಿನಿಂದ 'ಳ' ತುಂಬಬೇಕು. ಆ ತುಂಬುವ ಕೆಲಸ ಹುಡುಗನಾಗಿದ್ದ ನನ್ನದು. ಸಂಘಕ್ಕೆ ನಾನು ಮಾಡಿದ ಮೊದಲ ಸೇವೆ ಅದು. ಈಗಿನ ಪದಾಧಿಕಾರಿಗಳು ಇದನ್ನು ಗಮನಿಸಬೇಕು.

ಆ ಹಲಗೆಯ ಮೇಲೆ 1972ರಲ್ಲಿ ಹೆಚ್ಚು ಕೇಳಿಬಂದ ಹೆಸರು ಮಲ್ಲಿಕಾರ್ಜುನ ಖರ್ಗೆಯವರದು. ಗುರುಮಠಕಲ್ ಕರ್ನಾಟಕಕ್ಕೆ ಸೇರಿದ್ದರೂ ನಾರಾಯಣಪೇಟೆಗೆ ಮಗ್ಗುಲ ಊರು. ಸಂತೆಗೆ ಹೋದವರು ಮೆಣಸಿನಕಾಯಿಯ ಜೊತೆ ಸುದ್ದಿಯನ್ನೂ ತರುತ್ತಿದ್ದರು. ಈ ಹೊಸ ಅಭ್ಯರ್ಥಿ ಆ ಊರಿನವರಲ್ಲ, ವಲಸೆ ಬಂದ ಮನೆಯವರು ಎಂಬುದು ಸುದ್ದಿಯ ತಿರುಳು. 1942ರಲ್ಲಿ ಬೀದರ ಜಿಲ್ಲೆ ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ ಹುಟ್ಟಿದವರು. 1948ರಲ್ಲಿ ನಿಜಾಮನ ಪರದ ರಜಾಕಾರರು ಹಚ್ಚಿದ ಬೆಂಕಿಯಲ್ಲಿ ತಾಯಿ ಮತ್ತು ತಂಗಿ ಹೋದರು. ತಂದೆ ಮಾಪಣ್ಣ ಉಳಿದ ಮಗನನ್ನು ಕರೆದುಕೊಂಡು ಊರು ಬಿಟ್ಟರು. ಕೊನೆಗೆ ನೆಲೆ ಸಿಕ್ಕಿದ್ದು ಗುಲ್ಬರ್ಗದಲ್ಲಿ, ಕೂಲಿ ಸಿಕ್ಕಿದ್ದು ಅಲ್ಲಿನ ಎಂಎಸ್‌ಕೆ ಮಿಲ್ಲಿನಲ್ಲಿ. ರಜಾಕಾರರ ದಿನಗಳನ್ನು ಕಂಡ ಮನೆಗಳು ನಮ್ಮಲ್ಲೂ ಇದ್ದವು. ಅದಕ್ಕೇ ಈ ಕಥೆಯನ್ನು ಯಾರೂ ಎರಡು ಸಲ ಬಿಡಿಸಿ ಹೇಳಬೇಕಾಗಲಿಲ್ಲ.

ಹುಡುಗ ನೂತನ ವಿದ್ಯಾಲಯದಲ್ಲಿ ಕಲಿತು, ಸರ್ಕಾರಿ ಕಾಲೇಜಿನಲ್ಲಿ ವಿದ್ಯಾರ್ಥಿ ನಾಯಕನಾಗಿ, ಸೇಠ್ ಶಂಕರಲಾಲ್ ಲಾಹೋಟಿ ಕಾನೂನು ಕಾಲೇಜಿನಿಂದ ವಕೀಲನಾಗಿ ಬಂದ. ಮುಂದೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳಾದ ಶಿವರಾಜ ಪಾಟೀಲರ ಕೈಕೆಳಗೆ ವಕೀಲಿ. ಹಿಡಿದದ್ದು ಕಾರ್ಮಿಕರ ಕೇಸು. 1969ರಲ್ಲಿ, ತಂದೆ ದುಡಿದಿದ್ದ ಅದೇ ಎಂಎಸ್‌ಕೆ ಮಿಲ್ಲಿನ ನೌಕರರ ಸಂಘಕ್ಕೆ ಕಾನೂನು ಸಲಹೆಗಾರ. ಅದೇ ವರ್ಷ ಕಾಂಗ್ರೆಸ್ ಸೇರಿ ಗುಲ್ಬರ್ಗ ನಗರ ಘಟಕದ ಅಧ್ಯಕ್ಷ. ಮೂರು ವರ್ಷಕ್ಕೆ ಗುರುಮಠಕಲ್ಲಿನ ಎಮ್ಮೆಲ್ಲೆ.

ದೊಡ್ಡ ಮಾಸ್ತರಿಗೆ ಪಕ್ಷದ ಹುಚ್ಚಿರಲಿಲ್ಲ. ಅವರಿಗೆ ಹಿಡಿಸಿದ್ದು ಬೇರೆ. "ನೋಡ್ರೋ, ಮಂದೀ ಅರ್ಜಿ ಬರದು ಬರದು ಅಂವಾ ಅಸೆಂಬ್ಲಿಗೆ ಹೋದ. ನಾವು ಬರದು ಬರದು ಇದೇ ಹಲಗಿ ಮ್ಯಾಲ ಕುಂತೀವಿ" ಎಂದು ನಗುತ್ತಿದ್ದರು. ನಗುವಿನಲ್ಲಿ ಸಣ್ಣದೊಂದು ಹೊಟ್ಟೆಕಿಚ್ಚೂ ಇತ್ತು. ಅದು ನಮಗೆಲ್ಲ ಇತ್ತು, ಈಗ ಒಪ್ಪಿಕೊಳ್ಳುವುದರಲ್ಲಿ ತಪ್ಪೇನಿಲ್ಲ.

ಮುಂದಿನದು ಎಲ್ಲರಿಗೂ ಗೊತ್ತು. 1976ರಲ್ಲಿ ಖರ್ಗೆಯವರು ದೇವರಾಜ ಅರಸರ ಸಂಪುಟದಲ್ಲಿ ಪ್ರಾಥಮಿಕ ಶಿಕ್ಷಣದ ರಾಜ್ಯ ಸಚಿವರಾದರು. ಪರಿಶಿಷ್ಟ ಜಾತಿ, ಪಂಗಡಗಳ ಶಿಕ್ಷಕರ ಹದಿನಾರು ಸಾವಿರಕ್ಕೂ ಹೆಚ್ಚು ಬ್ಯಾಕ್‌ಲಾಗ್ ಹುದ್ದೆಗಳು ಆಗ ಭರ್ತಿಯಾದವು. ಸುದ್ದಿ ಓದಿದ ದಿನ ಮಾಸ್ತರು ಪತ್ರಿಕೆಯ ಆ ತುಂಡನ್ನು ಕತ್ತರಿಸಿ ಟೈಪ್‌ರೈಟರಿನ ಮುಚ್ಚಳದೊಳಗೆ ಅಂಟಿಸಿದರು. ನಮ್ಮ ಕನ್ನಡ ಶಾಲೆಗಳಿಗೆ ಒಬ್ಬ ಮಾಸ್ತರನಿಗಾಗಿ ಅವರು ಓಡಾಡುತ್ತಿದ್ದ ಕಾಲ ಅದು. ಗುರುಮಠಕಲ್ ಖರ್ಗೆಯವರನ್ನು ಎಂಟು ಸಲ ಗೆಲ್ಲಿಸಿತು. 2008ರಲ್ಲಿ ಕ್ಷೇತ್ರ ವಿಂಗಡಣೆಯಾದಾಗ ಅವರು ಚಿತ್ತಾಪುರಕ್ಕೆ ಹೋದರು.

ಗಡಿಯ ಈಚೆ ಎಂಬತ್ತು, ತೊಂಬತ್ತರ ದಶಕಗಳಲ್ಲಿ ಸಂಘ ನಡೆಯಿತು, ಅಷ್ಟೆ. ರಾಜ್ಯೋತ್ಸವ, ಭುವನೇಶ್ವರಿಯ ಪಟ, ಮಂಡಕ್ಕಿ ಮಿರ್ಚಿ, ಶಾಲಾ ಮಕ್ಕಳ ಕೋಲಾಟ. ಒಂದೆರಡು ವರ್ಷ ರಾಜ್ಯೋತ್ಸವ ನಾರಾಯಣಪೇಟೆಯಲ್ಲೊಂದು, ಮಕ್ತಲಿನಲ್ಲೊಂದು ಆದದ್ದುಂಟು. ಕಾರಣ ಇಲ್ಲಿ ಬೇಡ. ಎರಡೂ ಕಡೆ ಮಿರ್ಚಿ ಚೆನ್ನಾಗಿತ್ತು, ಎರಡೂ ಕಡೆ ನಾನಿದ್ದೆ.

ಒಂದು ಮಾತು ಮಾತ್ರ ಆ ಕಾಲದ್ದು ಹೇಳಬೇಕು: ಚುನಾವಣೆಗೆ ಸಂಘದಿಂದಲೇ ಒಬ್ಬರನ್ನು ನಿಲ್ಲಿಸಬೇಕೆಂಬ ಚರ್ಚೆ. ಕಾಸರಗೋಡಿನ ಉದಾಹರಣೆ ಬಾಯಿಗೆ ಬರುತ್ತಿತ್ತು. 1957ರಲ್ಲಿ, ಕೇರಳದ ಮೊದಲ ಚುನಾವಣೆಯಲ್ಲೇ, ಮಂಜೇಶ್ವರದಿಂದ ಎಂ. ಉಮೇಶ ರಾವ್ ಅವಿರೋಧವಾಗಿ ಆರಿಸಿಬಂದರು. ಆಮೇಲೆ ಕಳ್ಳಿಗೆ ಮಹಾಬಲ ಭಂಡಾರಿಯವರು ಅಲ್ಲಿಂದಲೇ ಗೆದ್ದರು. ಅಲ್ಲಿ ಸಾಧ್ಯವಾದದ್ದು ಇಲ್ಲೇಕೆ ಆಗದು? ಮಾಸ್ತರು ಗದ್ವಾಲ್ ಸೀರೆ ತೋರಿಸಿ ಉತ್ತರ ಕೊಟ್ಟರು: "ಒಡಲು ಹತ್ತಿ, ಅಂಚು ರೇಷ್ಮಿ. ಎರಡನ್ನೂ ಎಳಿಗೆ ಎಳಿ ಕೊಂಡಿ ಹಾಕಿ ನೇಯ್ದಾರ. ನಾವು ಅಂಚಿನವರು. ಅಂಚು ಕಿತ್ತು ಬರೇ ಅಂಚನ್ನ ಉಡಾಕ ಬರತದೇನು?" ನಮ್ಮ ಮನೆಗಳಲ್ಲಿ ಅತ್ತೆ ತೆಲುಗು, ಸೊಸೆ ಕನ್ನಡ, ಲೆಕ್ಕ ಮರಾಠಿ, ಬೈಗುಳ ಉರ್ದು. ಕನ್ನಡದ ಮತವೆಂದು ಬೇರೆ ಮಾಡಿ ಎಣಿಸಲು ಬರುವುದಿಲ್ಲ. ಚರ್ಚೆ ಅಲ್ಲಿಗೆ ನಿಂತಿತು. ನಿಲ್ಲಬಾರದಿತ್ತು ಎನ್ನುವವರು ಈಗಲೂ ಇದ್ದಾರೆ, ಅವರೂ ಸಂಘದ ಹಿತೈಷಿಗಳೇ.

ಹಾಗಾಗಿ ನಮ್ಮ ಅರ್ಜಿಗಳೆಲ್ಲ ಬೇರೆಯವರ ಜೇಬಿನಲ್ಲಿ ಅಸೆಂಬ್ಲಿಗೆ ಹೋದವು. ಧನ್ವಾಡದ ಚಿಟ್ಟೆಂ ನರ್ಸಿರೆಡ್ಡಿಯವರ ಜೇಬಿನಲ್ಲಿ ಹೋದವು. ಮಕ್ತಲ್ ಶಾಸಕರಾಗಿದ್ದ ಅವರನ್ನು 2005ರ ಆಗಸ್ಟ್ 15ರಂದು ನಾರಾಯಣಪೇಟೆಯಲ್ಲಿ ಮಾವೋವಾದಿಗಳು ಗುಂಡಿಕ್ಕಿ ಕೊಂದರು. ಜೊತೆಗೆ ಮಗ ವೆಂಕಟೇಶ್ವರ ರೆಡ್ಡಿ ಮತ್ತು ಇನ್ನೂ ಹಲವರು. ಧ್ವಜ ಹಾರಿಸಿ ಮಕ್ಕಳಿಗೆ ಹಂಚಿದ ಪೆಪ್ಪರ್‌ಮಿಂಟು ಇನ್ನೂ ಬಾಯಲ್ಲಿದ್ದಾಗ ಪೇಟೆಯ ಶಟರುಗಳು ಒಂದೊಂದಾಗಿ ಇಳಿದ ಸದ್ದು ನನಗೆ ಈಗಲೂ ಕೇಳುತ್ತದೆ. ನರ್ಸಿರೆಡ್ಡಿಯವರ ಮಗಳು ಡಿ.ಕೆ. ಅರುಣಾ ಅದಕ್ಕೆ ಹಿಂದಿನ ವರ್ಷವೇ ಗದ್ವಾಲ್‌ನಿಂದ ಗೆದ್ದಿದ್ದರು. ಮೊಮ್ಮಗಳು ಪರ್ಣಿಕಾ ರೆಡ್ಡಿ 2023ರಲ್ಲಿ ನಾರಾಯಣಪೇಟೆಯ ಶಾಸಕಿಯಾದರು.

ಇನ್ನು ಪಠ್ಯಪುಸ್ತಕದ ವಿಷಯ. ಒಂದು ವರ್ಷ ಕೃಷ್ಣಾ ಮಂಡಲದ ಕನ್ನಡ ಶಾಲೆಗಳಿಗೆ ದಸರೆ ಬಂದರೂ ಪುಸ್ತಕ ಬರಲಿಲ್ಲ. ನಾನು ಹೈದರಾಬಾದಿಗೆ ಹೋಗಿ ಒಂದು ಕಚೇರಿಯ ಬೆಂಚಿನ ಮೇಲೆ ಮೂರು ದಿನ ಕೂತೆ. ಮೂರನೆಯ ದಿನ ಸಂಜೆ ಜವಾನನೊಬ್ಬ ಗೋದಾಮಿನ ಬಾಗಿಲು ತೆಗೆದ. ಪುಸ್ತಕಗಳು ಅಲ್ಲೇ, ಸುತ್ತಿದ ಹಗ್ಗವನ್ನೂ ಬಿಚ್ಚದೆ, ಮೂಲೆಯಲ್ಲಿ ಕೂತಿದ್ದವು. ಗಂಟುಗಳನ್ನು ಬಸ್ಸಿನ ಮೇಲೆ ಹಾಕಿಸಿ ತಂದೆ. ಸಂಘದ ಚರಿತ್ರೆಯಲ್ಲಿ ಇದು ದೊಡ್ಡದಲ್ಲ ಎಂದು ಯಾರಾದರೂ ಅಂದರೆ, ಅಂದು ಗಣಿತದ ಪುಸ್ತಕ ಮೂಸಿ ನೋಡಿದ ಮಕ್ಕಳನ್ನು ಕೇಳಲಿ.

ಉದ್ಯೋಗ, ಶಿಕ್ಷಣದಲ್ಲಿ ಮೀಸಲು ಕೊಡುವ ಸಂವಿಧಾನದ 371ಜೆ ಕಲಂ ಬಂದಾಗ ಹೈದರಾಬಾದ್ ಕರ್ನಾಟಕದ ಹುಡುಗರು ಕುಣಿದರು. ಅದರ ಹಿಂದೆ ಖರ್ಗೆಯವರ ಪಟ್ಟು ಇತ್ತು. 1956ರ ತನಕ ರಾಯಚೂರು ಜಿಲ್ಲೆಗೇ ಸೇರಿದ್ದ ಗದ್ವಾಲಿಗೆ ಅದರಲ್ಲಿ ಜಾಗವಿಲ್ಲ. ನಮ್ಮ ಮಕ್ಕಳಿಗೆ ಕರ್ನಾಟಕದ ಸಿಇಟಿಯಲ್ಲಿ ಗಡಿನಾಡು ಕನ್ನಡಿಗರೆಂಬ ಕಲಮೊಂದಿದೆ, ಅದಕ್ಕೂ ಕಾಗದ ಬೇಕು. ಗದ್ವಾಲ್–ರಾಯಚೂರು ರೈಲು ಮಾತ್ರ 2013ರಲ್ಲಿ ಓಡತೊಡಗಿತು. ಆಗ ರೈಲ್ವೆ ಸಚಿವರು ಖರ್ಗೆಯವರೇ. ಮಾಸ್ತರು ಆ ಹೊತ್ತಿಗೆ ಇರಲಿಲ್ಲ.

ಈಗ ಮಕ್ತಲಿನ ಶಾಸಕರು ವಾಕಿಟಿ ಶ್ರೀಹರಿ. ಸರಪಂಚರಾಗಿ ಮೇಲೆ ಬಂದವರು, 2025ರ ಜೂನ್‌ನಿಂದ ತೆಲಂಗಾಣದ ಮಂತ್ರಿ. ಸದನದಲ್ಲಿ ಕನ್ನಡ ಕೇಳುವ ಆಸೆ ನಮಗಿನ್ನೂ ಇದೆ: ಶಿರಾ ತಾಲ್ಲೂಕಿನಿಂದ ಕೆನಡಾಕ್ಕೆ ಹೋದ ಚಂದ್ರ ಆರ್ಯ 2022ರಲ್ಲಿ ಅಲ್ಲಿನ ಸಂಸತ್ತಿನಲ್ಲಿ ಕನ್ನಡ ಮಾತಾಡಿದ ವಿಡಿಯೊ ನಮ್ಮ ಸಂಘದ ಗುಂಪಿನಲ್ಲಿ ವರ್ಷಕ್ಕೊಮ್ಮೆಯಾದರೂ ಬರುತ್ತದೆ. ನೋಡಿ ಎಲ್ಲರೂ ಕೈಮುಗಿಯುವ ಚಿತ್ರ ಹಾಕುತ್ತಾರೆ.

ಮಂತ್ರಿ ಶ್ರೀಹರಿಯವರಿಗೆ ಕೊಡುವ ಮನವಿಯನ್ನು ಹೋದ ವಾರ ಹುಡುಗನೊಬ್ಬ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿದ. ಮೊದಲ ಹಾಳೆ ತೆಲುಗು, ಎರಡನೆಯದು ಕನ್ನಡ. ಕನ್ನಡದ ಹಾಳೆಯನ್ನು ನಾನು ಕನ್ನಡಕ ಏರಿಸಿ ಓದಿದೆ. 'ಶಾಲೆಗಳಿಗೆ' ಎಂಬುದು ಏಳು ಕಡೆ ಇತ್ತು, ಏಳೂ ಕಡೆ 'ಳ' ಸರಿಯಾಗಿ ಬಿದ್ದಿತ್ತು. ಆದರೂ ಜೇಬಿನಿಂದ ಪೆನ್ನು ತೆಗೆದಿದ್ದೆ.