‘ಗ್ಲಿಚ್ ಫ್ರೀ’ ಬಂದ ಮೇಲೇ ಚಟಚಟ ಜಾಸ್ತಿ ಆಗಿದ್ದು ಯಾಕೆ? ಲಿನಕ್ಸ್ ಸದ್ದಿನ ಮೂವತ್ತು ವರ್ಷ

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ

ನೀವು ಈ ಸಂಚಿಕೆಯನ್ನ ಆಂಡ್ರಾಯ್ಡ್ ಫೋನಿನ ಸ್ಪೀಕರ್‌ನಲ್ಲಿ ಕೇಳ್ತಿದ್ರೆ, ನನ್ನ ದನಿ ಬಹುತೇಕ ‘ಆಲ್ಸಾ’ ಅನ್ನೋ ಒಂದು ತಂತ್ರಾಂಶವನ್ನ ದಾಟಿಕೊಂಡೇ ನಿಮ್ಮ ಕಿವಿಗೆ ಬರ್ತಿರುತ್ತೆ. ಆಂಡ್ರಾಯ್ಡ್‌ನ ತಳದಲ್ಲಿರೋದು ಲಿನಕ್ಸ್ ಕರ್ನಲ್. ಆ ಕರ್ನಲ್‌ನಲ್ಲಿ ಸದ್ದಿನ ಜವಾಬ್ದಾರಿ ಹೊತ್ತಿರೋ ಭಾಗವೇ ಆಲ್ಸಾ. ಇವತ್ತು ಇಷ್ಟು ಸಲೀಸಾಗಿ ಕೇಳಿಸ್ತಾ ಇದೆ ಅಂದ್ರೆ ಅದರ ಹಿಂದೆ ಮೂವತ್ತು ವರ್ಷದ ಜಗಳ, ಬೈಗುಳ, ರಿಪೇರಿ ಎಲ್ಲಾ ಇದೆ. ಲಿನಕ್ಸ್ ಕಂಪ್ಯೂಟರಲ್ಲಿ ಹಾಡು ಹಾಕಿದ್ರೆ ಚಟಚಟ ಅನ್ನೋ ಆ ಹಳೇ ಕಾಯಿಲೆಯ ಚರಿತ್ರೆ ಇವತ್ತಿನ ವಿಷಯ.

ಮೊದಲು ಕಾಯಿಲೆ ಏನು ಅಂತ ತಿಳ್ಕೊಳ್ಳೋಣ. ಕಂಪ್ಯೂಟರಿಗೆ ಸದ್ದು ಅಂದ್ರೆ ಸಂಖ್ಯೆಗಳ ಸಾಲು. ಸಿಡಿಯಲ್ಲಾದ್ರೆ ಸೆಕೆಂಡಿಗೆ 44,100 ಸಂಖ್ಯೆ, ಇವತ್ತಿನ ಬಹಳಷ್ಟು ಸಾಧನಗಳಲ್ಲಿ 48,000. ಸೌಂಡ್ ಕಾರ್ಡ್ ಈ ಸಂಖ್ಯೆಗಳನ್ನ ಒಂದೇ ವೇಗದಲ್ಲಿ ನುಂಗ್ತಾ ಹೋಗುತ್ತೆ. ಅದು ಯಾರಿಗೂ ಕಾಯೋದಿಲ್ಲ. ಆದ್ರೆ ಸಂಖ್ಯೆ ಒದಗಿಸಬೇಕಾದ ಪ್ರೊಸೆಸರಿಗೆ ನೂರೆಂಟು ಕೆಲಸ. ಬ್ರೌಸರ್ ನೋಡ್ಕೋಬೇಕು, ಡಿಸ್ಕ್ ನೋಡ್ಕೋಬೇಕು, ವೈಫೈ ನೋಡ್ಕೋಬೇಕು.

ಮನೆ ಮೇಲಿನ ನೀರಿನ ಟ್ಯಾಂಕ್ ನೆನಪು ಮಾಡ್ಕೊಳ್ಳಿ. ಕೆಳಗೆ ನಲ್ಲಿ ತೆರೆದೇ ಇದೆ, ನೀರು ಒಂದೇ ಸಮ ಬೀಳ್ತಿದೆ. ನೀವು ಆಗಾಗ ಮೋಟರ್ ಹಾಕಿ ಟ್ಯಾಂಕ್ ತುಂಬಿಸ್ತಾ ಇರಬೇಕು. ತಡ ಮಾಡಿದ್ರೆ ನಲ್ಲಿ ಬುಸ್ ಬುಸ್ ಅಂತ ಗಾಳಿ ಉಗುಳುತ್ತೆ. ಹಾಡಿನ ಮಧ್ಯೆ ಬರೋ ಚಟಚಟ ಹೆಚ್ಚಾಗಿ ಈ ಗಾಳಿನೇ. ಟ್ಯಾಂಕಿಗೆ ಬಫರ್ ಅಂತಾರೆ, ಅದು ಬರಿದಾಗೋದಕ್ಕೆ ಅಂಡರ್‌ರನ್ ಅಂತಾರೆ. ಸೆಕೆಂಡಿಗೆ 48,000ದ ಲೆಕ್ಕದಲ್ಲಿ, 1,024 ಸಂಖ್ಯೆ ಹಿಡಿಯೋ ಬಫರ್ ಖಾಲಿಯಾಗೋಕೆ ಸುಮಾರು 21 ಮಿಲಿಸೆಕೆಂಡ್ ಸಾಕು.

ಹಾಗಾದ್ರೆ ದೊಡ್ಡ ಟ್ಯಾಂಕ್ ಇಟ್ರಾಯ್ತಲ್ಲ ಅಂತೀರಾ? ಇಡಬಹುದು. ಆದ್ರೆ ದೊಡ್ಡ ಟ್ಯಾಂಕಲ್ಲಿ ಈಗ ಹಾಕಿದ ನೀರು ನಲ್ಲಿಗೆ ಬರೋದು ತಡ. ಹಾಡು ಕೇಳೋರಿಗೆ ಅದು ಗೊತ್ತಾಗಲ್ಲ. ಕೀಬೋರ್ಡ್ ನುಡಿಸೋರಿಗೆ, ಗೇಮ್ ಆಡೋರಿಗೆ, ಕಾಲ್‌ನಲ್ಲಿ ಮಾತಾಡೋರಿಗೆ ತಕ್ಷಣ ಗೊತ್ತಾಗುತ್ತೆ. ಚಿಕ್ಕದಿಟ್ರೆ ಚಟಚಟ, ದೊಡ್ಡದಿಟ್ರೆ ತಡ. ಇದನ್ನ ನೆನಪಲ್ಲಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ 1991ಕ್ಕೆ ಹೋಗೋಣ. ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಶುರು ಮಾಡಿದ ವರ್ಷ. ಮರುವರ್ಷ, 1992ರಲ್ಲಿ, ಫಿನ್‌ಲೆಂಡಿನವರೇ ಆದ ಹನ್ನು ಸವೊಲೈನೆನ್ ಅದಕ್ಕೆ ಸೌಂಡ್ ಬ್ಲಾಸ್ಟರ್ ಕಾರ್ಡಿನ ಡ್ರೈವರ್ ಬರೆದ್ರು. ಸೌಂಡ್ ಬ್ಲಾಸ್ಟರ್ ಅಂದ್ರೆ ಸಿಂಗಪುರದ ಕ್ರಿಯೇಟಿವ್ ಕಂಪನಿ 1989ರಲ್ಲಿ ತಂದ ಕಾರ್ಡು. ಆಗಿನ ಪಿಸಿಗಳಲ್ಲಿ ಅದೇ ರಾಜ.

ಆ ಕಾಲದಲ್ಲಿ ಕಾರ್ಡು ಕೂರಿಸೋದು ಅಂದ್ರೆ ಮೂರು ಸಂಖ್ಯೆ ಹೊಂದಿಸೋ ಕೆಲಸ. ಪೋರ್ಟ್ ವಿಳಾಸ 220, ಇಂಟರಪ್ಟ್ 5 ಅಥವಾ 7, ಡಿಎಂಎ ಚಾನೆಲ್ 1. ಕಾರ್ಡಿನ ಮೇಲಿದ್ದ ಜಂಪರ್ ಅನ್ನೋ ಪುಟ್ಟ ಟೋಪಿಗಳನ್ನ ಕಿತ್ತು ಬೇರೆ ಪಿನ್ನಿಗೆ ಹಾಕಿ ಇದನ್ನ ಹೊಂದಿಸಬೇಕು. ಆಮೇಲೆ ಅದೇ ಸಂಖ್ಯೆಗಳನ್ನ ಕರ್ನಲ್‌ಗೂ ಹೇಳಿ, ಕರ್ನಲನ್ನೇ ಮತ್ತೆ ಕಂಪೈಲ್ ಮಾಡಬೇಕು. ತಮಾಷೆ ಏನಂದ್ರೆ ಪ್ರಿಂಟರ್ ಪೋರ್ಟ್ ಕೂಡ ಸಾಮಾನ್ಯವಾಗಿ 7ನೇ ಇಂಟರಪ್ಟಿನಲ್ಲೇ ಕೂತಿರ್ತಿತ್ತು. ಇಬ್ಬರೂ ಒಂದೇ ಗಂಟೆ ಬಾರಿಸಿದ್ರೆ ಕರ್ನಲ್‌ಗೆ ಯಾರು ಕರೆದಿದ್ದು ಅಂತ ಗೊತ್ತಾಗ್ತಿರಲಿಲ್ಲ. ಸದ್ದು ನಿಂತುಹೋಗ್ತಿತ್ತು, ಇಲ್ಲಾಂದ್ರೆ ಒಂದೇ ತುಣುಕು ಮತ್ತೆ ಮತ್ತೆ ಬರ್ತಿತ್ತು.

ಕಾರ್ಡ್ ಸರಿಯಾಯ್ತಾ ಅಂತ ನೋಡೋಕೆ ಬಹಳ ಜನ ಏನು ಹಾಕ್ತಿದ್ರು ಗೊತ್ತಾ? ಲಿನಸ್ ಅವರದೇ ದನಿ. ತಮ್ಮ ಹೆಸರು ಹೇಳಿ, ಲಿನಕ್ಸ್ ಅನ್ನೋ ಪದವನ್ನ ತಾವು ಹೇಗೆ ಉಚ್ಚರಿಸ್ತೀವಿ ಅಂತ ಹೇಳೋ ಕೆಲವೇ ಸೆಕೆಂಡಿನ ಒಂದು ಫೈಲ್ ಅದು. ಅದು ಕೇಳಿಸಿದ್ರೆ ಕೆಲಸ ಆಯ್ತು ಅಂತ ಅರ್ಥ.

ಸವೊಲೈನೆನ್ ಅವರ ಕೆಲಸ ಮುಂದೆ ಓಪನ್ ಸೌಂಡ್ ಸಿಸ್ಟಮ್, ಅಂದ್ರೆ ಓಎಸ್‌ಎಸ್, ಅಂತ ಹೆಸರಾಯ್ತು. ಬಳಸೋಕೆ ಬಹಳ ಸರಳ. ಸೌಂಡ್ ಕಾರ್ಡ್ ಒಂದು ಫೈಲಿನ ಥರ ಕಾಣ್ತಿತ್ತು, ಅದಕ್ಕೆ ಸಂಖ್ಯೆ ಬರೆದ್ರೆ ಸದ್ದು. ಆದ್ರೆ ಸಾಮಾನ್ಯ ಕಾರ್ಡುಗಳಲ್ಲಿ ಒಂದು ಸಲಕ್ಕೆ ಒಂದೇ ಪ್ರೋಗ್ರಾಮ್. ಹಾಡು ಓಡ್ತಿದ್ದಾಗ ಚಾಟ್‌ನ ‘ಟಿಂಗ್’ ಬರ್ತಿರಲಿಲ್ಲ, ಸಾಧನ ಬಿಡುವಿಲ್ಲ ಅನ್ನೋ ಉತ್ತರ ಬರ್ತಿತ್ತು. ಮೇಲಿಂದ, ಆ ಕೆಲಸದ ಒಂದು ಕವಲು ದುಡ್ಡು ಕೊಟ್ಟು ಕೊಳ್ಳೋ ಸರಕಾಯ್ತು. ಕರ್ನಲ್‌ನೊಳಗಿನ ಉಚಿತ ಕವಲು ಹಿಂದೆ ಬಿತ್ತು.

ಆಗ ಬಂದವರು ಚೆಕ್ ದೇಶದ ಯಾರೊಸ್ಲಾವ್ ಕಿಸೆಲಾ. ಗ್ರೇವಿಸ್ ಅಲ್ಟ್ರಾಸೌಂಡ್ ಅನ್ನೋ ಕಾರ್ಡಿಗೆ ಡ್ರೈವರ್ ಬರೀತಾ ಬರೀತಾ ಅವರು 1998ರಲ್ಲಿ ಆಲ್ಸಾ ಶುರು ಮಾಡಿದ್ರು. 2002ರಲ್ಲಿ ಅದು ಅಭಿವೃದ್ಧಿ ಹಂತದ ಕರ್ನಲ್ ಸೇರ್ತು. 2003ರ ಡಿಸೆಂಬರ್‌ನಲ್ಲಿ ಬಂದ ಕರ್ನಲ್ 2.6ರಲ್ಲಿ ಓಎಸ್‌ಎಸ್ ಜಾಗದಲ್ಲಿ ಆಲ್ಸಾ ಕೂತ್ಕೊಳ್ತು. ಅದರ ಜೊತೆ ಒಂದು ಹೊಸ ತಲೆನೋವೂ ಬಂತು. ಆಲ್ಸಾದಲ್ಲಿ ಶುರುವಿಗೆ ಎಲ್ಲಾ ಚಾನೆಲ್‌ಗಳೂ ಮ್ಯೂಟ್ ಆಗಿರ್ತಿದ್ವು. ಕಾರ್ಡ್ ಸರಿ, ಡ್ರೈವರ್ ಸರಿ, ಆದ್ರೆ ಪೂರ್ತಿ ಮೌನ. ಆಲ್ಸಾಮಿಕ್ಸರ್ ತೆರೆದು, ಎರಡು ಎಮ್ ಅಕ್ಷರ ಕಾಣೋ ಕಂಬದ ಮೇಲೆ ಎಮ್ ಒತ್ತಿದ್ರೆ ಸದ್ದು ಹೊರಡ್ತಿತ್ತು.

ಆದರೂ ಹಲವು ಪ್ರೋಗ್ರಾಮ್‌ಗಳ ಸದ್ದು ಬೆರೆಸೋದು ಯಾರ ಕೆಲಸ ಅನ್ನೋದು ತೀರ್ಮಾನ ಆಗಿರಲಿಲ್ಲ. ಗ್ನೋಮ್ ಒಂದು ಸೌಂಡ್ ಸರ್ವರ್ ಬಳಸ್ತಿತ್ತು, ಕೆಡಿಇ ಇನ್ನೊಂದು. ಸಂಗೀತಗಾರರಿಗೆ ಜ್ಯಾಕ್ ಅಂತ ಮತ್ತೊಂದು. ಒಬ್ಬರು ಕಾರ್ಡ್ ಹಿಡಿದುಕೊಂಡ್ರೆ ಇನ್ನೊಬ್ಬರು ಹೊರಗೆ.

ಇದಕ್ಕೆ ಉತ್ತರ ಅಂತ ಬಂದಿದ್ದೇ ಪಲ್ಸ್‌ಆಡಿಯೋ. ಬರೆದವರು ಜರ್ಮನಿಯ ಲೆನ್ನಾರ್ಟ್ ಪೋಟರಿಂಗ್. 2004ರಲ್ಲಿ ಶುರುವಾಯ್ತು, 2007ರ ನವೆಂಬರ್‌ನಲ್ಲಿ ಫೆಡೋರಾ 8ರಲ್ಲಿ ತಾನಾಗೇ ಬರೋ ಸೌಂಡ್ ಸರ್ವರ್ ಆಯ್ತು, 2008ರ ಏಪ್ರಿಲ್‌ನಲ್ಲಿ ಉಬುಂಟು 8.04ಕ್ಕೂ ಬಂತು. ಪ್ರತಿ ಪ್ರೋಗ್ರಾಮಿಗೂ ಬೇರೆ ಬೇರೆ ವಾಲ್ಯೂಮ್, ಹಾಡು ಓಡ್ತಿರುವಾಗಲೇ ಸ್ಪೀಕರ್‌ನಿಂದ ಹೆಡ್‌ಫೋನಿಗೆ ಬದಲಾಯಿಸೋದು. ಇವತ್ತು ಮಾಮೂಲಿ ಅನ್ನಿಸೋ ಇವೆಲ್ಲ ಲಿನಕ್ಸ್ ಡೆಸ್ಕ್‌ಟಾಪಿಗೆ ಬಂದಿದ್ದು ಹೀಗೆ.

ಈಗ ಕಥೆಯ ತಿರುವು. 2008ರಲ್ಲಿ ಪೋಟರಿಂಗ್ ಪಲ್ಸ್‌ಆಡಿಯೋಗೆ ಒಂದು ಹೊಸ ವಿಧಾನ ತಂದ್ರು. ಹೆಸರು ‘ಗ್ಲಿಚ್ ಫ್ರೀ’, ಅಂದ್ರೆ ತಡವರಿಕೆ ಇಲ್ಲದ್ದು. ಅದೇ ವರ್ಷದ ಫೆಡೋರಾ 10ರ ಹೊಸ ಸೌಲಭ್ಯಗಳ ಪಟ್ಟಿಯಲ್ಲೂ ಆ ಹೆಸರಿತ್ತು. ಅದು ಬಂದ ಮೇಲೆ ಎಷ್ಟೋ ಜನರ ಕಂಪ್ಯೂಟರಲ್ಲಿ ಚಟಚಟ ಹೆಚ್ಚಾಯ್ತು!

ಯಾಕೆ? ಮತ್ತೆ ಟ್ಯಾಂಕಿಗೆ ಬನ್ನಿ. ಹಳೇ ಪದ್ಧತಿಯಲ್ಲಿ ಒಂದೊಂದು ಬಕೆಟ್ ನೀರು ಖಾಲಿಯಾದಾಗಲೂ ಸೌಂಡ್ ಕಾರ್ಡ್ ಗಂಟೆ ಬಾರಿಸ್ತಿತ್ತು. ಪ್ರೊಸೆಸರ್ ಪದೇ ಪದೇ ಎದ್ದು ಬಂದು ತುಂಬಿಸಬೇಕು, ಲ್ಯಾಪ್‌ಟಾಪಿನ ಬ್ಯಾಟರಿ ಕರಗುತ್ತೆ. ಹೊಸ ಪದ್ಧತಿಯಲ್ಲಿ ಗಂಟೆಯನ್ನ ನಂಬೋದು ಬಿಟ್ರು. ದೊಡ್ಡ ಟ್ಯಾಂಕ್ ಇಟ್ಟು, ಮೀಟರ್ ನೋಡಿ, ಎಷ್ಟು ಹೊತ್ತಿಗೆ ಖಾಲಿಯಾಗುತ್ತೆ ಅಂತ ಗಡಿಯಾರದ ಲೆಕ್ಕ ಹಾಕಿ, ಅಷ್ಟರವರೆಗೆ ಮಲಗೋದು. ತುರ್ತಾಗಿ ಹೊಸ ಸದ್ದು ಬಂದ್ರೆ ಟ್ಯಾಂಕಲ್ಲಿ ಆಗಲೇ ತುಂಬಿಟ್ಟಿದ್ದನ್ನೇ ಬದಲಾಯಿಸೋದು. ಚಟಚಟಕ್ಕೂ ತಡಕ್ಕೂ ಒಂದೇ ಮದ್ದು.

ಆದ್ರೆ ಮೀಟರ್ ನಿಜ ಹೇಳಬೇಕಲ್ಲ? ಕಾರ್ಡ್ ಈಗ ಎಲ್ಲಿವರೆಗೆ ಓದಿದೆ ಅಂತ ತಿಳಿಸಬೇಕಾದ ಎಷ್ಟೋ ಡ್ರೈವರ್‌ಗಳು ತಪ್ಪು ಲೆಕ್ಕ ಕೊಡ್ತಿದ್ವು. ಮುಂಚೆ ಯಾರೂ ಆ ಲೆಕ್ಕವನ್ನ ಇಷ್ಟು ನಂಬಿರಲಿಲ್ಲ, ಹಾಗಾಗಿ ತಪ್ಪು ಹೊರಗೆ ಬಂದಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳು ಅಂತ ಗಾದೆ ಇದೆ. ಪಲ್ಸ್‌ಆಡಿಯೋ ಡ್ರೈವರ್‌ಗಳ ಕಡೆ ಬೆರಳು ತೋರಿಸಿದಾಗ ಜನ ಹಾಗೇ ಆಡಿಕೊಂಡ್ರು. ಈ ಸಲ ಎಷ್ಟೋ ಕಡೆ ನೆಲ ನಿಜವಾಗಲೂ ಡೊಂಕಾಗಿತ್ತು.

ಹಾಗಂತ ಜನರ ಸಿಟ್ಟು ಸುಳ್ಳಾ? ಖಂಡಿತಾ ಇಲ್ಲ. ನಿನ್ನೆವರೆಗೂ ಹಾಡ್ತಿದ್ದ ಕಂಪ್ಯೂಟರ್ ಇವತ್ತು ಗೊಗ್ಗರು ದನಿ ತೆಗೆದ್ರೆ, ತಪ್ಪು ಯಾವ ಪದರದ್ದು ಅನ್ನೋದು ಬಳಸೋರಿಗೆ ಯಾಕೆ ಬೇಕು? ಬಹಳ ಜನ ಪಲ್ಸ್‌ಆಡಿಯೋವನ್ನೇ ಕಿತ್ತು ಹಾಕಿದ್ರು. ಇನ್ನು ಕೆಲವರು ಸೆಟ್ಟಿಂಗ್ಸ್ ಫೈಲಲ್ಲಿ ಒಂದು ಸಾಲು ಬದಲಾಯಿಸಿ ಆ ಗಡಿಯಾರದ ಲೆಕ್ಕ ನಿಲ್ಲಿಸಿ ಹಳೇ ಗಂಟೆಗೇ ಮರಳಿದ್ರು. ಆ ಒಂದು ಸಾಲು ವರ್ಷಗಟ್ಟಲೆ ಬಾಯಿಂದ ಬಾಯಿಗೆ ಹರಡಿದ ಮನೆಮದ್ದಾಯ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮಗೆ ನಿಮಗೆ ಸದ್ದು ಕೆಟ್ಟರೆ ಒಂದು ಸಿನಿಮಾ ಹಾಳು, ಅಷ್ಟೇ. ಕಣ್ಣು ಕಾಣದವರಿಗೆ ಸದ್ದೇ ಪರದೆ. ಗ್ನೋಮ್‌ನಲ್ಲಿ ಓರ್ಕಾ ಅನ್ನೋ ಸ್ಕ್ರೀನ್ ರೀಡರ್ ಇದೆ. ಪರದೆ ಮೇಲಿರೋದನ್ನ ಅದು ಓದಿ ಹೇಳುತ್ತೆ. ಅದರ ಜೊತೆ ಕೆಲಸ ಮಾಡೋ ಈಸ್ಪೀಕ್ ಅನ್ನೋ ದನಿಯಂತ್ರಕ್ಕೆ ಕನ್ನಡವೂ ಬರುತ್ತೆ. ಲಾಗಿನ್‌ಗೂ ಮುಂಚೆ, ಕಪ್ಪು ಪರದೆಯ ಕನ್ಸೋಲ್‌ನಲ್ಲೇ ಓದಿ ಹೇಳೋ ತಂತ್ರಾಂಶಗಳೂ ಇದ್ವು. ಅವು ಇಡೀ ಯಂತ್ರದ ಪರವಾಗಿ ಸೌಂಡ್ ಕಾರ್ಡ್ ಹಿಡಿದುಕೊಳ್ತಿದ್ವು. ಪಲ್ಸ್‌ಆಡಿಯೋ ಮಾತ್ರ ಲಾಗಿನ್ ಆದ ಬಳಕೆದಾರರ ಪರವಾಗಿ ಓಡೋದು. ಇಬ್ಬರಿಗೂ ಅದೇ ಕಾರ್ಡ್ ಬೇಕು, ಒಬ್ಬರು ಹಿಡಿದ್ರೆ ಇನ್ನೊಬ್ಬರು ಮೂಕ. ಕಂಪ್ಯೂಟರ್ ಸರಿಯಾಗೇ ಇದೆ, ಆದ್ರೆ ಅದರ ಮುಂದೆ ಕೂತವರಿಗೆ ಎಲ್ಲಾ ಕತ್ತಲೆ. ದೋಷ ಹುಡುಕೋಕೂ ಅವರಿಗೆ ಆ ಸದ್ದೇ ಬೇಕು. ಇಡೀ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋ ಭಾಗ ಇದು. ಸೌಂಡ್ ಕಾರ್ಡಿನ ದೋಷ ಒಂದು ಸಣ್ಣ ಕಿರಿಕಿರಿ ಅಂತ ತಳ್ಳಿಹಾಕೋಕೆ ಆಗೋದು ಕಣ್ಣಿದ್ದವರಿಗೆ ಮಾತ್ರ.

ಡ್ರೈವರ್‌ಗಳು ಒಂದೊಂದಾಗಿ ಸರಿಹೋದ್ವು. ಪಲ್ಸ್‌ಆಡಿಯೋ ತನ್ನ ಲಾಗ್‌ನಲ್ಲೇ ಬರೀತಿತ್ತು, ಇದು ಬಹುಶಃ ಇಂಥ ಆಲ್ಸಾ ಡ್ರೈವರ್‌ನ ದೋಷ, ದಯವಿಟ್ಟು ಆಲ್ಸಾ ಅಭಿವೃದ್ಧಿಗಾರರಿಗೆ ತಿಳಿಸಿ ಅಂತ. ತಿಳಿಸಿದವರ ಪುಣ್ಯ ಎಲ್ಲರಿಗೂ ಬಂತು. 2009ರಲ್ಲಿ, ಸದ್ದಿನ ಕೆಲಸಕ್ಕೆ ಸರದಿಯಲ್ಲಿ ಮುಂದೆ ಹೋಗೋ ಹಕ್ಕನ್ನ ಸಾಮಾನ್ಯ ಬಳಕೆದಾರರಿಗೂ ಅಪಾಯವಿಲ್ಲದೆ ಕೊಡೋ ರಿಯಲ್‌ಟೈಮ್‌ಕಿಟ್ ಬಂತು. 2011ರಲ್ಲಿ ಪಲ್ಸ್‌ಆಡಿಯೋ 1.0 ಬಂತು.

ಆಮೇಲಿನ ಅಧ್ಯಾಯ ಪೈಪ್‌ವೈರ್. ರೆಡ್ ಹ್ಯಾಟ್‌ನ ವಿಮ್ ಟೇಮನ್ಸ್ ಇದನ್ನ ಶುರು ಮಾಡಿದ್ದು ವಿಡಿಯೋಗೋಸ್ಕರ. ಆಮೇಲೆ ಸದ್ದನ್ನೂ ಅದಕ್ಕೇ ವಹಿಸಿದ್ರು. ಇದು ಜಾಣತನದಿಂದ ಹಳಬರ ಭಾಷೆ ಕಲಿತುಕೊಂಡೇ ಬಂತು. ಪಲ್ಸ್‌ಆಡಿಯೋಗೆ ಬರೆದ ಪ್ರೋಗ್ರಾಮ್, ಜ್ಯಾಕ್‌ಗೆ ಬರೆದ ಪ್ರೋಗ್ರಾಮ್, ಎರಡೂ ಬದಲಾಗದೆ ಇದರ ಮೇಲೆ ಓಡುತ್ವೆ. 2021ರ ಏಪ್ರಿಲ್‌ನಲ್ಲಿ ಫೆಡೋರಾ 34, 2022ರ ಅಕ್ಟೋಬರ್‌ನಲ್ಲಿ ಉಬುಂಟು 22.10 ಇದನ್ನ ಒಪ್ಪಿಕೊಂಡ್ವು. 2008ರಷ್ಟು ಗಲಾಟೆ ಆಗಲಿಲ್ಲ. ಅಷ್ಟರಲ್ಲಿ ನೆಲ ಸಮ ಮಾಡಿ ಆಗಿತ್ತಲ್ಲ. ಇನ್ನು 2024ರ ಕರ್ನಲ್ 6.12ರಲ್ಲಿ, ಕೆಲಸ ಕೊಟ್ಟ ಗಡುವಿನಲ್ಲೇ ಮುಗಿಸೋ ‘ರಿಯಲ್‌ಟೈಮ್’ ವ್ಯವಸ್ಥೆ ಸುಮಾರು ಇಪ್ಪತ್ತು ವರ್ಷದ ಪ್ರಯತ್ನದ ನಂತರ ಮುಖ್ಯ ಕರ್ನಲ್ ಸೇರ್ತು.

ಸರಿ, ನಿಮ್ಮ ಲಿನಕ್ಸ್ ಲ್ಯಾಪ್‌ಟಾಪಲ್ಲಿ ಇವತ್ತು ಸದ್ದು ಕೆಟ್ಟರೆ? ಈ ಚರಿತ್ರೆನೇ ನಕ್ಷೆ. ಪೂರ್ತಿ ಮೌನನಾ? ಆಲ್ಸಾಮಿಕ್ಸರ್ ತೆರೆದು ಮ್ಯೂಟ್ ನೋಡಿ. ಹಾಡು ಶುರುವಾಗೋವಾಗ ಅಥವಾ ನಿಂತ ಸ್ವಲ್ಪ ಹೊತ್ತಿಗೆ ‘ಟಪ್’ ಅನ್ನುತ್ತಾ? ಬ್ಯಾಟರಿ ಉಳಿಸೋಕೆ ಸೌಂಡ್ ಚಿಪ್ ಮಲಗಿ ಏಳ್ತಿರಬಹುದು, ಡ್ರೈವರ್‌ನ ಪವರ್ ಸೇವ್ ಅನ್ನ ಸೊನ್ನೆ ಮಾಡಿ ನೋಡಿ. ಕೆಲಸ ಜಾಸ್ತಿ ಆದಾಗ ಮಾತ್ರ ಚಟಚಟನಾ? ಟರ್ಮಿನಲ್‌ನಲ್ಲಿ ಪಿಡಬ್ಲ್ಯೂ-ಟಾಪ್ ಓಡಿಸಿ. ಅಲ್ಲಿ ಇಆರ್‌ಆರ್ ಅನ್ನೋ ಕಂಬದ ಸಂಖ್ಯೆ ಏರ್ತಿದ್ರೆ ಟ್ಯಾಂಕ್ ಖಾಲಿಯಾಗ್ತಿದೆ ಅಂತ. ಪೈಪ್‌ವೈರ್‌ನಲ್ಲಿ ಕ್ವಾಂಟಮ್ ಅನ್ನೋ ಬಫರ್ ಅಳತೆಯನ್ನ ಹೆಚ್ಚಿಸಿ. ಸಂಖ್ಯೆ ಏರದೇನೂ ಸದ್ದು ಒಡೀತಿದ್ರೆ ವಾಲ್ಯೂಮ್ ನೂರರ ಮೇಲಿದೆಯಾ, ಕೇಬಲ್ ಸರಿ ಇದೆಯಾ ನೋಡಿ, ಆಮೇಲೆ ಡ್ರೈವರ್ ಮೇಲೆ ಅನುಮಾನ ಪಡಿ.

ದೋಷ ಸಿಕ್ಕಿದ್ರೆ ಒಂದು ಉಪಕಾರ ಮಾಡಿ. ಮನೆಮದ್ದು ಹಚ್ಚಿ ಸುಮ್ಮನಾಗಬೇಡಿ, ಯಾವ ಚಿಪ್, ಯಾವ ಕರ್ನಲ್, ಲಾಗ್‌ನಲ್ಲಿ ಏನು ಬಂತು ಅಂತ ಬರೆದು ಡ್ರೈವರ್ ನೋಡ್ಕೊಳ್ಳೋರಿಗೆ ಕಳಿಸಿ. ಅದೇ ಚಿಪ್ ಇರೋ ಇನ್ನೊಂದು ಕಂಪ್ಯೂಟರ್ ಮುಂದೆ ಸದ್ದನ್ನೇ ನಂಬಿಕೊಂಡು ಯಾರೋ ಕೂತಿರಬಹುದು.

ಇವತ್ತಿಗೆ ಇಷ್ಟು. ಮುಂದಿನ ಸಂಚಿಕೆಯಲ್ಲಿ ಸಿಗೋಣ.